ಇನ್ನೂರ ಅರವತ್ತು ಬಾಲಗಳು

ನಾನು ಜೀವನದಲ್ಲಿ ಮೊದಲು ಮಾಡಿದ ಸಂಬಳದ ಕೆಲಸ ಅಂದರೆ ಅಕ್ಷರಕ್ಕೆ ಬಾಲ ಹಚ್ಚಿದ್ದು. ಒಂದಲ್ಲ, ಎರಡಲ್ಲ, ಇನ್ನೂರ ಅರವತ್ತು ಬಾಲ. ಸಂಬಳ ಅಂದರೆ ಸಂಜೆಗೆ ಒಂದು ಮಸಾಲೆ ದೋಸೆ.

ನನ್ನ ಸೋದರಮಾವನಿಗೆ ತಾಲ್ಲೂಕು ಕೇಂದ್ರದಲ್ಲಿ ಒಂದು ಸಣ್ಣ ಪ್ರೆಸ್ ಇತ್ತು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿ. ಒಂದು ಪಕ್ಕ ಹಿಟ್ಟಿನ ಮಿಲ್ಲು, ಇನ್ನೊಂದು ಪಕ್ಕ ಸೈಕಲ್ ಶಾಪು. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ ಮತ್ತು ಮಸಿಯ ವಾಸನೆ. ಗೋಡೆಗೆ ಒರಗಿಸಿದ ಮರದ ಕೇಸುಗಳು, ಕೇಸಿನ ತುಂಬ ಪುಟ್ಟ ಪುಟ್ಟ ಖಾನೆಗಳು, ಖಾನೆ ತುಂಬ ಸೀಸದ ಮೊಳೆಗಳು. ಮಧ್ಯದಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ. ಮಾವ ಸಾಹಿತ್ಯ ಅಚ್ಚು ಹಾಕಿದವನಲ್ಲ. ಆದರೆ ಆ ಊರಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಯಾರನ್ನು ಮದುವೆಯಾದರು ಅನ್ನೋದು ಎಲ್ಲರಿಗಿಂತ ಮೊದಲು, ಅದೂ ತಿರುಗುಮುರುಗಾಗಿ, ಅವನಿಗೆ ಗೊತ್ತಾಗುತ್ತಿತ್ತು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತದಲ್ಲ, ಅದಕ್ಕೆ.

ಮೊಳೆ ಜೋಡಿಸುವವರ ಕೈ ನೋಡುವುದೇ ಒಂದು ಚಂದ. ಎಡಗೈಯಲ್ಲಿ ಕಂಪೋಜಿಂಗ್ ಸ್ಟಿಕ್, ಅಂದರೆ ಮೊಳೆಗಳನ್ನು ಸಾಲಾಗಿ ಕೂರಿಸುವ ಪಟ್ಟಿ. ಬಲಗೈ ಕೇಸಿನ ಮೇಲೆ ಕೋಳಿ ಕಾಳು ಹೆಕ್ಕಿದ ಹಾಗೆ ಓಡಾಡುತ್ತದೆ. ಕಣ್ಣು ಕೈ ಕಡೆ ಇರುವುದೇ ಇಲ್ಲ, ಎದುರಿನ ಚೀಟಿಯ ಮೇಲೆ ಇರುತ್ತದೆ. ಯಾವ ಖಾನೆಯಲ್ಲಿ ಯಾವ ಅಕ್ಷರ ಅನ್ನೋದು ಬೆರಳಿಗೆ ಗೊತ್ತು. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ, ಹೆಬ್ಬೆರಳಿಗೆ ಅದು ತಾಗಿದರೆ ಮೊಳೆ ಸರಿಯಾಗಿ ಕೂತಿದೆ ಅಂತ ಅರ್ಥ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅದರ ದೊಡ್ಡಕ್ಷರ, ಅಂಕಿ ಸೇರಿದರೆ ಮುಗಿಯಿತು. ಕನ್ನಡಕ್ಕೆ ಹಾಗಲ್ಲ. ಗುಣಿತ, ಒತ್ತಕ್ಷರ, ಕೊಂಬು, ದೀರ್ಘ, ಅರ್ಕಾವತ್ತು ಎಲ್ಲ ಸೇರಿ ನೂರಾರು ಖಾನೆ. ಒತ್ತಕ್ಷರ ಅಂದರೆ ಚೂರು ಸೀಸ, ಸೀನಿದರೆ ಹಾರಿಹೋಗುತ್ತದೆ.

ಒಂದು ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಅವವುಗಳ ಖಾನೆಗೆ ಹಾಕಬೇಕು. ಬೇಸರದ ಕೆಲಸ. ರಜೆಗೆ ಬಂದ ಹುಡುಗರಿಗೆ ಕೊಡೋದು ಅದನ್ನೇ. ಎಂಟನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಅದು ನನ್ನ ಪಾಲಿಗೆ ಬಂತು. ನಾನು ಎಲ್ಲೋ ಒಂದು ದಕಾರವನ್ನು ಧಕಾರದ ಖಾನೆಗೆ ಹಾಕಿದ್ದೆ. ಕೆಳಗಿನ ಆ ಪುಟ್ಟ ಗೀಟೊಂದು ಬಿಟ್ಟರೆ ಎರಡಕ್ಕೂ ಏನು ವ್ಯತ್ಯಾಸ ಹೇಳಿ? ಮಾರನೇ ದಿನ ಮಾವನ ಕೈ ಎಂದಿನ ಹಾಗೆ ಖಾನೆಯನ್ನು ನಂಬಿ ಅದನ್ನೇ ಎತ್ತಿಕೊಂಡಿತು. ಪ್ರೂಫಿನಲ್ಲಿ ಕಣ್ಣು ತಪ್ಪಿತು. ಮುನ್ನೂರು ಕಾರ್ಡಿನಲ್ಲಿ "ವದೂವರರನ್ನು ಆಶೀರ್ವದಿಸಬೇಕಾಗಿ" ಅಂತ ಅಚ್ಚಾಯಿತು.

ಹುಡುಗಿಯ ತಂದೆ ಮೇಷ್ಟ್ರು. ಕಾರ್ಡು ಹಿಡಿದುಕೊಂಡು ಬಂದವರು ಮೆಟ್ಟಿಲ ಮೇಲೆಯೇ ನಿಂತರು. "ಮೂವತ್ತು ವರ್ಷ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ಹೇಳ್ಕೊಟ್ಟೋನು ಕಣಯ್ಯ ನಾನು. ನನ್ನ ಮಗಳ ಮದುವೆ ಕಾರ್ಡಲ್ಲೇ ಪ್ರಾಣ ಹೋಗಿದೆಯಲ್ಲೋ!" ಅಂದರು. ಬೈದ ಹಾಗಿರಲಿಲ್ಲ, ಅತ್ತ ಹಾಗಿತ್ತು. ಅಷ್ಟರಲ್ಲಿ ನಲವತ್ತು ಕಾರ್ಡು ಪೋಸ್ಟ್ ಆಗಿಬಿಟ್ಟಿದ್ದವು. ಉಳಿದದ್ದು ಇನ್ನೂರ ಅರವತ್ತು. ಮಾವ "ತಪ್ಪು ನಂದೇ ಮೇಷ್ಟ್ರೇ, ಪ್ರೂಫ್ ನೋಡಿದೋನು ನಾನು" ಅಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರು ಹೋದ ಮೇಲೆ ಸಣ್ಣ ನಿಬ್ಬಿನ ಪೆನ್ನು, ಒಂದು ಮುಚ್ಚಳದಲ್ಲಿ ಮಸಿ ಕೊಟ್ಟು ಕೂರಿಸಿದ. ನಾನು ಮಧ್ಯಾಹ್ನವಿಡೀ ಒಂದೊಂದೇ ಕಾರ್ಡಿಗೆ ಬಾಲ ಎಳೆದೆ.

ಆ ಮಧ್ಯಾಹ್ನ ನನಗೆ ತಲೆಗೆ ಹೊಕ್ಕಿದ್ದು ಆ ನಲವತ್ತು ಕಾರ್ಡುಗಳು. ಅವು ಎಲ್ಲಿಗೆ ಹೋಗಿವೆ, ಯಾರು ಬಿಚ್ಚಿದ್ದಾರೆ, ಯಾರು ನಕ್ಕಿದ್ದಾರೆ? ಕೈಗೆ ಸಿಗುವ ಹಾಗಿಲ್ಲ. ಕೈಬರಹದ ತಪ್ಪು ಒಂದು ಕಡೆ ಇರುತ್ತದೆ. ಅಚ್ಚಿನ ತಪ್ಪು ಎಲ್ಲ ಕಡೆ, ಒಂದೇ ಥರ ಇರುತ್ತದೆ. ಅಚ್ಚಿನ ಸರಿಯೂ ಹಾಗೆಯೇ ಅಲ್ವಾ? ಒಂದು ಸಲ ಅಚ್ಚಾಗಿ ಹೊರಟಿತು ಅಂದರೆ ಹಾಕಿಸಿದವನ ಕೈ ಮೀರಿತು. ಕನ್ನಡದಲ್ಲಿ ಅಚ್ಚು ಬಂದ ಕಥೆ ಓದಿದಾಗೆಲ್ಲ ನನಗೆ ಈ ಮೇಷ್ಟ್ರ ಕಾರ್ಡೇ ನೆನಪಾಗುತ್ತದೆ.

ಅಚ್ಚಿಗೆ ಮೊದಲು ಹೇಗಿತ್ತು? ಓಲೆಗರಿ. ಕಂಟ ಅನ್ನುವ ಚೂಪು ಮೊನೆಯ ಕಡ್ಡಿಯಲ್ಲಿ ಗೀರಿ, ಮೇಲೆ ಕಪ್ಪು ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಲೆಕ್ಕಪತ್ರಕ್ಕೆ ಕಡತ. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಅಂಟು ಬಳಿದು ಬಳಪದಲ್ಲಿ ಬರೆಯುತ್ತಿದ್ದರು. ಒಂದು ಪುಸ್ತಕ ಬೇಕು ಅಂದರೆ ಇನ್ನೊಂದನ್ನು ನೋಡಿಕೊಂಡು ತಿಂಗಳುಗಟ್ಟಲೆ ಕೂತು ನಕಲು ಮಾಡಬೇಕು. ನಕಲು ಮಾಡಿದವರು ಕೊನೆಯಲ್ಲಿ ಒಂದು ಮಾತು ಬರೆಯುವ ವಾಡಿಕೆಯಿತ್ತು. ನೋಡಿದ್ದನ್ನು ನೋಡಿದ ಹಾಗೇ ಬರೆದಿದ್ದೇನೆ, ತಪ್ಪಿದ್ದರೆ ನನ್ನ ಮೇಲೆ ಹಾಕಬೇಡಿ ಅಂತ. ಬೆನ್ನು ಬಗ್ಗಿತು, ಕತ್ತು ನೋಯಿತು, ಪುಸ್ತಕ ಜೋಪಾನ ಅಂತಲೂ ಬರೆಯುತ್ತಿದ್ದರು. ಮಾವನ ಪ್ರೆಸ್ಸಿನಲ್ಲಿ ನನಗೂ ಬೆನ್ನು ಬಗ್ಗಿತ್ತು, ಆದ್ದರಿಂದ ಇವರ ಮೇಲೆ ನನಗೆ ಪ್ರೀತಿ ಜಾಸ್ತಿ.

ಅಂಥ ಕಾಲದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಮಾಡಿಸಿ ಹಂಚಿದಳು. ಹತ್ತನೇ ಶತಮಾನದ ಮಾತು. ಒಂದು ಕ್ಷಣ ಲೆಕ್ಕ ಹಾಕಿ ನೋಡಿ. ಸಾವಿರ ಪ್ರತಿಗೆ ಎಷ್ಟು ತಾಳೆಗರಿ, ಎಷ್ಟು ಕೈ, ಎಷ್ಟು ದಿನದ ಊಟ? ಇವತ್ತಿಗೂ ಕನ್ನಡದಲ್ಲಿ ಕವನ ಸಂಕಲನಕ್ಕೆ ಸಾವಿರ ಪ್ರತಿ ಹಾಕಿಸೋದು ಅಂದರೆ ಪ್ರಕಾಶಕರು ಎರಡು ಸಲ ಯೋಚನೆ ಮಾಡುತ್ತಾರೆ. ಅಷ್ಟು ಮಾಡಲು ಅವಳಿಗೆ ಸಂಪತ್ತಿತ್ತು, ಮನಸ್ಸೂ ಇತ್ತು. ಅಚ್ಚು ಮಾಡಿದ್ದೇನು ಅಂದರೆ ಅತ್ತಿಮಬ್ಬೆಯಷ್ಟು ಸಿರಿವಂತಿಕೆ ಇಲ್ಲದವರಿಗೂ ಸಾವಿರ ಪ್ರತಿ ಸಾಧ್ಯ ಮಾಡಿತು. ಆದರೆ ಬಿಟ್ಟಿಯಾಗಿ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಓಲೆಯಲ್ಲಿ ಇನ್ನೊಂದು ವಿಷಯ ಇದೆ. ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅವನುಮನೆಗೆಬಂದುಊಟಮಾಡಿಮಲಗಿದನು ಅಂತ ಒಂದೇ ಸಮನೆ. ಅಲ್ಪವಿರಾಮ ಇಲ್ಲ, ಪ್ಯಾರಾ ಇಲ್ಲ. ಹಲವು ಓಲೆಗಳಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು, ಒ, ಓ ಎರಡಕ್ಕೂ ಒಂದೇ. ಓದುವವನಿಗೆ ಮೊದಲೇ ಅರ್ಥ ಗೊತ್ತಿರಬೇಕು, ಆಮೇಲೆ ಓದಬೇಕು. ಅದಕ್ಕೇ ಅದನ್ನು ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಹತ್ತು ಜನ ಕೇಳುತ್ತಿದ್ದರು. ಗಮಕ ಬೆಳೆದದ್ದೂ ಈ ಜಗಲಿಗಳಲ್ಲೇ. ಅಚ್ಚಿನ ಜೊತೆಗೆ ಪದದ ನಡುವೆ ಖಾಲಿ ಜಾಗ ಬಂತು. ಆ ಖಾಲಿಗೂ ಒಂದು ಮೊಳೆ ಇದೆ, ಗೊತ್ತಾ? ಸ್ಪೇಸ್ ಅನ್ನುತ್ತಾರೆ. ಅಕ್ಷರವಿಲ್ಲದ, ಗಿಡ್ಡ ಸೀಸದ ತುಂಡು. ಮಸಿ ಅದಕ್ಕೆ ತಾಗುವುದಿಲ್ಲ. ಆ ಮೂಕ ಮೊಳೆ ಬಂದ ಮೇಲೆ ಹೊಸದಾಗಿ ಓದು ಕಲಿತವರೂ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು, ಬಾಯಿ ಮುಚ್ಚಿಕೊಂಡು ಓದುವುದು ಸಲೀಸಾಯಿತು. ಯಾರು ಏನು ಓದುತ್ತಿದ್ದಾರೆ ಅಂತ ಮನೆಯ ಹಿರಿಯರಿಗೆ ಕೇಳಿಸದ ಹಾಗೆ ಆಯಿತು. ಇದನ್ನು ನಾವು ಸಣ್ಣ ವಿಷಯ ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ.

ಕನ್ನಡಕ್ಕೆ ಮೊಳೆ ಬಂದದ್ದು ಕನ್ನಡ ನಾಡಿನಿಂದ ಬಹಳ ದೂರದಲ್ಲಿ, ಬಂಗಾಳದ ಶ್ರೀರಾಮಪುರದಲ್ಲಿ. ಅಲ್ಲಿ ವಿಲಿಯಂ ಕೇರಿ ಮತ್ತು ಜೊತೆಯ ಮಿಷನರಿಗಳು ಭಾರತದ ಒಂದೊಂದೇ ಭಾಷೆಗೆ ಮೊಳೆ ಕೊರೆಸುತ್ತಾ ಹೋದರು. 1812ರಲ್ಲಿ ಆ ಪ್ರೆಸ್ಸಿಗೆ ಬೆಂಕಿ ಬಿದ್ದು ಹಲವು ಭಾಷೆಗಳ ಮೊಳೆಗಳು ಕರಗಿಹೋದವು. ಮತ್ತೆ ಎರಕ ಹೊಯ್ದರು. 1817ರಲ್ಲಿ ಕೇರಿ ಬರೆದ ಕನ್ನಡ ವ್ಯಾಕರಣ ಅಲ್ಲಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಬರೆದದ್ದು, ಉದಾಹರಣೆ ಕನ್ನಡದಲ್ಲಿ. ಆಮೇಲೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು, ಅಲ್ಲೂ ಪ್ರೆಸ್ ಶುರುವಾಯಿತು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ ಪ್ರೆಸ್ ಬಂತು.

ಆದರೆ ನನಗೆ ಹೆಚ್ಚು ಇಷ್ಟವಾಗುವ ಕಥೆ ಮಂಗಳೂರಿನದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದರು, 1841ರಲ್ಲಿ ಪ್ರೆಸ್ ಹಾಕಿದರು. ಅದು ಕಲ್ಲಚ್ಚು. ನುಣ್ಣಗೆ ಮಾಡಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಬೇಕು. ಕಲ್ಲಿಗೆ ನೀರು ಸವರಿ ಮಸಿಯ ರೋಲರ್ ಉರುಳಿಸಿದರೆ, ನೀರಿದ್ದ ಕಡೆ ಮಸಿ ಹಿಡಿಯಲ್ಲ, ಜಿಡ್ಡಿದ್ದ ಕಡೆ ಹಿಡಿಯುತ್ತದೆ. ಎಣ್ಣೆ ನೀರು ಸೇರಲ್ಲ ಅನ್ನೋ ಅಡುಗೆಮನೆಯ ಸತ್ಯ, ಅಷ್ಟೆ. ಮೊಳೆ ಬೇಡ, ಒತ್ತಕ್ಷರದ ಗೋಳಿಲ್ಲ. ಚೆನ್ನಾಗಿ ಬರೆಯುವ ಒಂದು ಕೈ ಸಾಕು.

ಆ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ "ಮಂಗಳೂರ ಸಮಾಚಾರ" ಹೀಗೆ ಕಲ್ಲಚ್ಚಿನಲ್ಲಿ ಬಂದದ್ದು. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ಊರ ವರ್ತಮಾನ, ಸರ್ಕಾರದ ನಿರೂಪ, ದೂರದೇಶದ ಸುದ್ದಿ, ಕಥೆ, ಪದ. ಅಂದರೆ ಕನ್ನಡದ ಮೊದಲ ಪತ್ರಿಕೆ ಒಂದು ಲೆಕ್ಕದಲ್ಲಿ ಕೈಬರಹವೇ. ಓಲೆ ಬರೆದ ಕೈಯೇ ಕಲ್ಲಿಗೆ ಇಳಿದ ಹಾಗೆ. ಮರುವರ್ಷ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಗತೊಡಗಿತು, ಹೆಸರು "ಕನ್ನಡ ಸಮಾಚಾರ" ಆಯಿತು, ಬೇಗನೆ ನಿಂತೂ ಹೋಯಿತು. ಅಷ್ಟು ಅಲ್ಪಾಯುಷಿ ಪತ್ರಿಕೆಯ ಹೆಸರಿನಲ್ಲಿ ನಾವು ಇವತ್ತಿಗೂ ಜುಲೈ 1ಕ್ಕೆ ಪತ್ರಿಕಾ ದಿನ ಮಾಡುತ್ತೇವೆ. ಭಾಷಣ, ಹಾರ, ತಿಂಡಿ. ಇರಲಿ.

ಮಿಷನರಿಗಳು ಬಂದದ್ದು ಯಾಕೆ ಅನ್ನೋದರಲ್ಲಿ ಮುಚ್ಚುಮರೆ ಏನಿರಲಿಲ್ಲ. ಮತ ಹರಡಲು ಬಂದರು. ಅವರನ್ನು ಋಷಿಗಳು ಅಂತ ಹೊಗಳುವವರೂ ಇದ್ದಾರೆ, ಎಲ್ಲದರಲ್ಲೂ ಸಂಚು ಹುಡುಕುವವರೂ ಇದ್ದಾರೆ. ನನಗೆ ಎರಡೂ ರುಚಿಸುವುದಿಲ್ಲ. ನನಗೆ ಕುತೂಹಲ ಇರುವುದು ಪ್ರೆಸ್ ಅವರ ಕೈಯಲ್ಲಿ ಏನಾಯಿತು ಅನ್ನೋದರ ಬಗ್ಗೆ. ಜನಕ್ಕೆ ಉಪದೇಶ ಮಾಡಬೇಕು ಅಂದರೆ ಜನರ ಭಾಷೆ ಬರಬೇಕು. ಭಾಷೆ ಬರಬೇಕು ಅಂದರೆ ಜನ ಓದುವುದನ್ನು ಓದಬೇಕು. ಓದಲು ಪುಸ್ತಕವೇ ಇಲ್ಲ, ಓಲೆಕಟ್ಟುಗಳು. ಸರಿ, ಅವನ್ನೇ ಅಚ್ಚು ಹಾಕೋಣ ಅಂತ ಮೋಗ್ಲಿಂಗ್ ಹೊರಟರು. ಕಾಸಮೇಜರ್ ಅನ್ನೋ ನಿವೃತ್ತ ಜಡ್ಜ್ ಒಬ್ಬರು ದುಡ್ಡು ಕೊಟ್ಟರು. 1848ರಿಂದ "ಬಿಬ್ಲಿಯೋಥಿಕಾ ಕರ್ನಾಟಿಕಾ" ಅನ್ನುವ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ದಾಸರ ಪದಗಳು, ಬಸವಪುರಾಣ, ಚೆನ್ನಬಸವಪುರಾಣ ಒಂದಾದ ಮೇಲೊಂದು ಕಲ್ಲಚ್ಚಿನಲ್ಲಿ ಬಂದವು. ಏಸುವಿನ ಮಾತು ಹೇಳಲು ತಂದ ಯಂತ್ರ ಬಸವಣ್ಣನ ಕಥೆ ಹೇಳಿತು, ಪುರಂದರದಾಸರನ್ನು ಹಾಡಿತು. ಯಂತ್ರಕ್ಕೆ ಯಾರ ಮಾತಾದರೇನು, ಕಲ್ಲು ಒಂದೇ, ಮಸಿ ಒಂದೇ.

ಅದೇ ಮಿಷನ್ನಿನ ಕಿಟ್ಟೆಲ್ 1894ರಲ್ಲಿ ನಿಘಂಟು ತಂದರು. ಸುಮಾರು 70,000 ಪದ, 1700ಕ್ಕೂ ಹೆಚ್ಚು ಪುಟ. ಜನರ ಬಾಯಲ್ಲಿದ್ದ ಗಾದೆಗಳನ್ನು ಹೆಕ್ಕಿ ಹೆಕ್ಕಿ ಅದರಲ್ಲಿ ಹಾಕಿದ್ದಾರೆ. ನನಗೆ ಆ ಪುಸ್ತಕ ನೋಡಿದಾಗ ಪದಕ್ಕಿಂತ ಮೊದಲು ಕಣ್ಣಿಗೆ ಬರುವುದು ಅದರ ಮೊಳೆ ಜೋಡಿಸಿದವರು. ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್, ಓರೆ ಅಕ್ಷರ, ಆವರಣ, ಚುಕ್ಕಿ. ಎಷ್ಟು ಕೇಸುಗಳ ನಡುವೆ ಓಡಾಡಿರಬೇಕು ಆ ಕೈ? ಕಿಟ್ಟೆಲರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಪ್ರತಿಮೆ ಇದೆ. ಆಗಲೇಬೇಕಾದದ್ದು. ಆ ಕಂಪೋಸಿಟರ್‌ಗಳ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ಹಳಗನ್ನಡದ ಕಥೆಯೂ ಇಂಥದ್ದೇ. ಕವಿರಾಜಮಾರ್ಗ ಒಂಬತ್ತನೇ ಶತಮಾನದ್ದು. ಅಚ್ಚಾದದ್ದು 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ. ಅಂದರೆ ಅದರಲ್ಲಿರುವ ಹಾಗೆ ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಹರಡಿತ್ತು ಅಂತ ನಾವು ಪ್ರತಿ ನವೆಂಬರಿನಲ್ಲಿ ವೇದಿಕೆ ಮೇಲೆ ಹೇಳುತ್ತೇವಲ್ಲ, ಆ ಮಾತು ನಮ್ಮ ಮುತ್ತಜ್ಜಂದಿರ ಬಾಯಲ್ಲಿ ಇದ್ದಿರಲಾರದು. ಅದು ಓಲೆಯ ಕಟ್ಟಿನೊಳಗೆ ದಾರ ಸುತ್ತಿಕೊಂಡು ಮಲಗಿತ್ತು. ಅಚ್ಚಾಗಿ, ಪಠ್ಯಪುಸ್ತಕಕ್ಕೆ ಬಂದು, ಮೇಷ್ಟ್ರ ಬಾಯಿಂದ ಮಕ್ಕಳ ಕಿವಿಗೆ ಬಿದ್ದ ಮೇಲೆ ಅದು ಎಲ್ಲರ ನೆನಪಾಯಿತು. ನಾವು "ಹಿಂದಿನಿಂದ ಬಂದದ್ದು" ಅನ್ನುವ ಎಷ್ಟೋ ವಿಷಯ ಅಚ್ಚಿನಿಂದ ಬಂದದ್ದು.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಅದಕ್ಕೆ ಫ.ಗು. ಹಳಕಟ್ಟಿಯವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ವಿಜಯಪುರದಲ್ಲಿ ವಕೀಲರು. ವಕೀಲಿ ಚೆನ್ನಾಗಿ ನಡೆಸಿದ್ದರೆ ಆರಾಮಾಗಿ ಇರಬಹುದಿತ್ತು. ಅವರಿಗೆ ಓಲೆಯ ಹುಚ್ಚು ಹಿಡಿಯಿತು. ವಚನದ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಪೂಜೆಗೆ ಕೂತಿದ್ದವು. ಪೂಜೆ ನಡೆಯುತ್ತಿತ್ತು, ಓದುವವರು ಇರಲಿಲ್ಲ. ಪೂಜೆಗಿಟ್ಟ ಕಟ್ಟನ್ನು ಕೇಳಿ ಇಸಕೊಂಡು ಬರುವುದು ಅಂದರೆ ಸಾಮಾನ್ಯವಲ್ಲ. ಊರೂರು ತಿರುಗಿ, ಕಾಡಿ ಬೇಡಿ, ನಕಲು ಮಾಡಿ, ಒಂದಕ್ಕೊಂದು ಹೋಲಿಸಿ ನೋಡಿ "ವಚನಶಾಸ್ತ್ರಸಾರ" ಸಿದ್ಧ ಮಾಡಿದರು.

ಅದನ್ನು ಅಚ್ಚಿಗೆ ಅಂತ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದರಂತೆ. ಅಲ್ಲಿಂದ ಅದು ಅಚ್ಚಾಗದೆ ವಾಪಸು ಬಂತಂತೆ. ಹಳಕಟ್ಟಿಯವರ ಬಗ್ಗೆ ಮಾತು ಬಂದಾಗೆಲ್ಲ ಉತ್ತರ ಕರ್ನಾಟಕದಲ್ಲಿ ಈ ಕಥೆ ಹೇಳುತ್ತಾರೆ. ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ತಂದ ಊರಿಂದಲೇ ಬಸವಣ್ಣನ ವಚನ ಹಿಂದಕ್ಕೆ ಬಂದದ್ದು! ಕೊನೆಗೆ 1923ರಲ್ಲಿ ಅದು ಬೆಳಗಾವಿಯಲ್ಲಿ ಅಚ್ಚಾಯಿತು. ಹಳಕಟ್ಟಿಯವರು ಇನ್ನು ಬೇರೆಯವರ ಬಾಗಿಲು ಕಾಯುವುದು ಬೇಡ ಅಂದುಕೊಂಡರು. ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ "ಹಿತಚಿಂತಕ" ಮುದ್ರಣಾಲಯ ಹಾಕಿದರು. ಮರುವರ್ಷ "ಶಿವಾನುಭವ" ಪತ್ರಿಕೆ. ಹರಿದ ಕೋಟು ಹಾಕಿಕೊಂಡು ಓಡಾಡುತ್ತಿದ್ದರು ಅಂತ ನೋಡಿದವರು ಹೇಳಿದ್ದಾರೆ. ಕೋಟಿಗೆ ಹಾಕುವ ದುಡ್ಡು ಕಾಗದಕ್ಕೆ ಹೋಗುತ್ತಿತ್ತು.

ಅಚ್ಚು ಅಗ್ಗ ಅನ್ನುತ್ತಾರೆ. ಓದುವವನಿಗೆ ಅಗ್ಗ. ಹಾಕಿಸುವವನಿಗೆ ಅದು ಮನೆ ಕೇಳುತ್ತದೆ.

ಮುಂದೆ ಏನಾಯಿತು ನೋಡಿ. ಜಗಲಿಯ ಮೇಲಿನ ಕಟ್ಟು ಪುಸ್ತಕವಾಯಿತು. ಪುಸ್ತಕದಿಂದ ಶಾಲೆಯ ಪಾಠವಾಯಿತು. ಆಮೇಲಿನ ಅಚ್ಚುಗಳಲ್ಲಿ ವಚನಗಳನ್ನು ಸಾಲು ಮುರಿದು, ಒಂದರ ಕೆಳಗೊಂದು ಜೋಡಿಸಿದರು. ನಮ್ಮ ಕಣ್ಣಿಗೆ ಅವು ಹೊಸಗಾಲದ ಕವಿತೆಯ ಹಾಗೆ ಕಾಣತೊಡಗಿದವು. ಓಲೆಯಲ್ಲಿ ಅವು ಹಾಗಿರಲಿಲ್ಲ, ಸಾಲು ಮುಗಿಯುವುದು ಗರಿ ಮುಗಿದಲ್ಲಿ. ಗಾಯಕರ ಬಾಯಿಗೆ ಹೋದವು, ಆಫೀಸಿನ ಗೋಡೆಗೆ ಹೋದವು, ಚುನಾವಣೆಯ ಭಾಷಣಕ್ಕೂ ಹೋದವು. ಹಳಕಟ್ಟಿಯವರು ಅಚ್ಚು ಹಾಕಿದ್ದು ಒಂದು ಭಕ್ತಿಯಿಂದ. ಅದನ್ನು ಓದಿ ಪೂಜೆಯನ್ನೇ ಪ್ರಶ್ನೆ ಮಾಡಿದವರಿದ್ದಾರೆ, ಜಾತಿಯನ್ನು ಪ್ರಶ್ನೆ ಮಾಡಿದವರಿದ್ದಾರೆ, ಮಠವನ್ನು ಪ್ರಶ್ನೆ ಮಾಡಿದವರೂ ಇದ್ದಾರೆ. ಪೋಸ್ಟ್ ಆಗಿ ಹೋದ ನಲವತ್ತು ಕಾರ್ಡು. ಹಿಂದಕ್ಕೆ ಕರೆಯುವ ಹಾಗಿಲ್ಲ. ಅಂದ ಹಾಗೆ ಹಳಕಟ್ಟಿಯವರು ಹುಟ್ಟಿದ್ದು ಜುಲೈ 2ರಂದು. ಪತ್ರಿಕಾ ದಿನದ ಮಾರನೇ ದಿನ. ಹಾರ ಉಳಿದಿದ್ದರೆ ಅವರಿಗೂ ಹಾಕಬಹುದು.

ಇನ್ನೊಬ್ಬರನ್ನು ಹೇಳದೆ ಮುಂದೆ ಹೋಗಲಾರೆ. ನಂಜನಗೂಡಿನ ತಿರುಮಲಾಂಬ. 1887ರಲ್ಲಿ ಹುಟ್ಟಿದವರು, ಬಾಲವಿಧವೆ. ಆ ಕಾಲದಲ್ಲಿ ಅಂಥ ಹೆಣ್ಣುಮಗಳ ಜಗತ್ತು ಎಷ್ಟು? ಅಡುಗೆಮನೆ, ದೇವರಮನೆ, ಹಿತ್ತಿಲು. ಶುಭಕಾರ್ಯಕ್ಕೆ ಎದುರು ಬರಬಾರದು. ತಂದೆ ಮನೆಯಲ್ಲೇ ಓದು ಕಲಿಸಿದರು. ಆಕೆ ಮಾಡಿದ್ದೇನು ಗೊತ್ತಾ? 1913ರಲ್ಲಿ "ಸತೀಹಿತೈಷಿಣಿ" ಅನ್ನುವ ಗ್ರಂಥಮಾಲೆ ಶುರು ಮಾಡಿದರು. ಬರೆಯೋದೂ ಅವರೇ, ಪ್ರಕಾಶನವೂ ಅವರದೇ. ಮೊದಲ ಕಾದಂಬರಿ "ಸುಶೀಲೆ". ಆಮೇಲೆ "ಕರ್ನಾಟಕ ನಂದಿನಿ" ಅಂತ ಹೆಂಗಸರಿಗಾಗಿ ಮಾಸಪತ್ರಿಕೆ ನಡೆಸಿದರು, ಅದು ನಿಂತ ಮೇಲೆ "ಸನ್ಮಾರ್ಗದರ್ಶಿನಿ".

ಆ ಹೆಸರುಗಳನ್ನು ಇವತ್ತು ಕೇಳಿದರೆ ನಗು ಬರಬಹುದು. ಸತಿ, ಹಿತ, ಸನ್ಮಾರ್ಗ. ಕಥೆಗಳಲ್ಲೂ ಪತಿಭಕ್ತಿ ಜಾಸ್ತಿಯೇ. ಇದರಲ್ಲಿ ಕ್ರಾಂತಿ ಎಲ್ಲಿದೆ ಅಂತ ಕೇಳುವವರಿದ್ದಾರೆ. ನಾನು ಹೇಳುವುದು ಇಷ್ಟೆ. ಎದುರು ಬಂದರೆ ಅಪಶಕುನ ಅನ್ನಿಸಿಕೊಂಡವಳ ಮಾತು ಅಂಚೆಯವನ ಚೀಲದಲ್ಲಿ ಕೂತು ಮನೆಮನೆಯ ಹೊಸಿಲು ದಾಟಿತು. ಮುಖ ನೋಡಬಾರದು ಅಂದವರೂ ಪುಟ ತಿರುವಿದರು. ಅಚ್ಚಿನ ಅಕ್ಷರಕ್ಕೆ ಮಡಿ ಮೈಲಿಗೆ ಅಂಟುವುದಿಲ್ಲ. ಒಳಗಿನ ಮಾತು ಹಳೆಯದೇ ಇರಬಹುದು, ಹೇಳಿದ್ದು ಯಾರು ಅನ್ನೋದು ಹೊಸತು.

ಇಂಥದ್ದನ್ನೆಲ್ಲ ಸರ್ಕಾರಗಳು ಸುಮ್ನೆ ನೋಡಿಕೊಂಡು ಕೂರುತ್ತವಾ? ಬ್ರಿಟಿಷರು 1867ರಲ್ಲೇ ಒಂದು ಕಾಯ್ದೆ ಮಾಡಿದ್ದರು. ಅಚ್ಚಾದ ಪುಸ್ತಕದ ಮೇಲೆ, ಪತ್ರಿಕೆಯ ಮೇಲೆ ಮುದ್ರಕನ ಹೆಸರು, ಮುದ್ರಣವಾದ ಸ್ಥಳ ಇರಲೇಬೇಕು. ಮಾತು ಕೈ ಮೀರಿ ಹೋಯಿತು, ಹಿಡಿಯಲು ಆಗಲ್ಲ, ಮಾತಾಡಿಸಿದವನನ್ನಾದರೂ ಹಿಡಿಯೋಣ ಅಂತ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ಬಂತು. ಮೈಸೂರಿನ ಜನ ತಾತಯ್ಯ ಅಂತ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಬಗ್ಗಲಿಲ್ಲ. ಅನುಮತಿ ಬೇಡಿ ಬರೆಯುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಈ ಕಾಯ್ದೆಯ ಬಾಲ ಮಾವನ ಪ್ರೆಸ್ಸಿನವರೆಗೂ ಬಂದಿತ್ತು. ಚುನಾವಣೆ ಬಂತು ಅಂದರೆ ಕರಪತ್ರದ ಸುಗ್ಗಿ. ಕರಪತ್ರದ ಅಡಿಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದೆ ಹಾಕಬಾರದು, ಅದು ಈಗಲೂ ಇರುವ ಕಾನೂನು. ಒಂದು ರಾತ್ರಿ ಇಬ್ಬರು ಬಂದರು. ನಾನು ಕೇಸಿನ ಹಿಂದೆ ಚಾಪೆ ಹಾಸಿಕೊಂಡು ಮಲಗಿದ್ದೆ. ಒಂದು ಚೀಟಿ ಕೊಟ್ಟು "ಸಾವಿರ ಬೇಕು, ಬೆಳಗ್ಗೆ ಒಳಗೆ. ಕೆಳಗೆ ಹೆಸರು ಬೇಡ" ಅಂದರು. ಎರಡರಷ್ಟು ದುಡ್ಡು ಕೊಡುತ್ತೇವೆ ಅಂದರು. ಮಾವ ಚೀಟಿ ಓದಿದ. ಊರಿನ ಯಾರದೋ ಮನೆಯ ಹೆಣ್ಣುಮಗಳ ಬಗ್ಗೆ ಏನೋ ಕೆಟ್ಟದ್ದು. "ಹೆಸರಿಲ್ಲದ್ದು ನಾನು ಹಾಕಲ್ಲಣ್ಣ" ಅಂದ. "ಹೆಸರು ಹಾಕಿದರೂ ಇದನ್ನು ಹಾಕಲ್ಲ. ಅದು ಬೇರೆ ಮಾತು." ಅವರು ಹೋದ ಮೇಲೆ ನನ್ನ ಕಡೆ ನೋಡಿ "ನಿದ್ದೆ ಬಂದಿಲ್ವೇನೋ?" ಅಂದ. ಬೆಳಗ್ಗೆ ಆ ಕರಪತ್ರ ಊರಲ್ಲಿ ಇತ್ತು. ಬೇರೆ ಎಲ್ಲೋ ಸೈಕ್ಲೋಸ್ಟೈಲ್ ಮಾಡಿಸಿದ್ದರು. ಕೆಳಗೆ ಹೆಸರಿರಲಿಲ್ಲ.

ಅಚ್ಚು ಅಂದರೆ ಅರಿವು, ಬೆಳಕು ಅಂತ ಬರೆಯುವವರಿಗೆ ನಾನು ಈ ಕರಪತ್ರವನ್ನೂ ನೆನಪಿಸುತ್ತೇನೆ. ಯಂತ್ರ ಬಸವಪುರಾಣವನ್ನೂ ಒಲ್ಲೆ ಅನ್ನಲಿಲ್ಲ, ಇದನ್ನೂ ಒಲ್ಲೆ ಅನ್ನುವುದಿಲ್ಲ. ಒಲ್ಲೆ ಅನ್ನಲು ಪಕ್ಕದಲ್ಲಿ ಒಬ್ಬ ಮಾವ ನಿಂತಿರಬೇಕು.

ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಬಂತು, ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಆಫ್‌ಸೆಟ್ ಬಂತು. ಬಣ್ಣದ ಕಾರ್ಡು, ಗಣಪತಿಗೆ ಚಿನ್ನದ ಗೆರೆ. ಮಾವನ ಕಾರ್ಡು ಯಾ‌ರಿಗೆ ಬೇಕು? ಒಂದು ದಿನ ಗುಜರಿಯವನನ್ನು ಕರೆಸಿದ. ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದು ಕೆ.ಜಿ. ಲೆಕ್ಕದಲ್ಲಿ ತೂಗಿದರು. ನೂರಾರು ಖಾನೆಯಲ್ಲಿ ಬೇರೆ ಬೇರೆ ಕೂತಿದ್ದ ಅಕ್ಷರಗಳು ಒಂದೇ ಚೀಲದಲ್ಲಿ ಬಿದ್ದವು. ದ ಯಾವುದು, ಧ ಯಾವುದು ಅಂತ ಯಾರೂ ಕೇಳಲಿಲ್ಲ. ಸೀಸಕ್ಕೆ ಒಂದೇ ರೇಟು. ಖಾಲಿ ಕೇಸೊಂದನ್ನು ಅತ್ತೆ ಇಟ್ಟುಕೊಂಡರು. ಅದರಲ್ಲಿ ಈಗ ಗುಂಡಿ, ಹುಕ್ಕು, ದಾರದ ಉಂಡೆ ಇವೆ. ಬೆಂಗಳೂರಿನಲ್ಲಿ ಅಂಥ ಕೇಸುಗಳನ್ನು ಗೋಡೆಗೆ ನೇತು ಹಾಕಲು ಸಾವಿರಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಅಂತ ಹೇಳಿದೆ. ಅತ್ತೆ ನಂಬಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಾವನಿಗೆ ಈಗ ಎಂಬತ್ತು ದಾಟಿದೆ. ಮೊಮ್ಮಗಳು ಫೋನು ತಂದು ಕೈಗಿಟ್ಟಳು. ನಮ್ಮ ನೆಂಟರ ಮನೆಯ ಮದುವೆಯ ಕರೆಯೋಲೆ, ವಾಟ್ಸಾಪಿನಲ್ಲಿ ಬಂದದ್ದು. ಹೂವು ಉದುರುತ್ತಿತ್ತು, ಹಿಂದೆ ಓಲಗ ಬಾರಿಸುತ್ತಿತ್ತು. ಮಾವ ಓಲಗ ನಿಲ್ಲಿಸು ಅಂದ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸಿ, ಒಂದೊಂದೇ ಸಾಲು ಓದಿದ. "ವಧೂವರರನ್ನು" ಬಂದಾಗ ನಿಲ್ಲಿಸಿ ಇನ್ನೂ ದೊಡ್ಡದು ಮಾಡಿದ. ಬಾಲ ಇತ್ತು. ನನ್ನ ಕಡೆ ಒಂದು ಸಲ ನೋಡಿದ.

ಆಮೇಲೆ ಬೆರಳನ್ನು ಕೆಳಕ್ಕೆ ಎಳೆದ. ಇನ್ನೂ ಕೆಳಕ್ಕೆ ಎಳೆದ. ಚಿತ್ರ ಮುಗಿದು ಬರೀ ಬಿಳಿ ಬಂತು.

"ಯಾರೇ ಹಾಕಿದ್ದು ಇದನ್ನ? ಅಡಿಯಲ್ಲಿ ಪ್ರೆಸ್ಸಿನ ಹೆಸರೇ ಇಲ್ವಲ್ಲೇ" ಅಂದ.